ಕೊನೇ ಬಾಸ್ ಯಾವ ಬಗೆಯವನಿರಲಿ? ಒಂಟಿ ರಕ್ಕಸ, ಪಡೆಯೊಡೆಯ, ರೂಪ ಬದಲಿಸುವವ, ವರ ಪಡೆದವ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಥರ ಮೇಜಿನ ಸುತ್ತ ಕೂತು, ದಾಳ ಎಸೆದು, ಪಾತ್ರ ವಹಿಸಿ ಆಡುವ ಆಟದಲ್ಲಿ ವರ್ಷಗಟ್ಟಲೆ ಆಡಿದ ಕ್ಯಾಂಪೇನು (ಒಂದೇ ಉದ್ದ ಕತೆ) ಕೊನೆಯ ಕಾಳಗಕ್ಕೆ ಬಂದಾಗ ಡಿಎಂ (ಆಟ ನಡೆಸುವವರು) ಆದವರು ಮೊದಲು ಕೈಹಾಕುವುದು ಬಾಸ್‌ನ, ಅಂದರೆ ಕೊನೆಯ ದೊಡ್ಡ ಶತ್ರುವಿನ, ಹಿಟ್ ಪಾಯಿಂಟಿಗೆ (ಎಚ್‌ಪಿ, ಎಷ್ಟು ಪೆಟ್ಟು ತಾಳಬಲ್ಲ ಅನ್ನುವ ಅಂಕಿ). 178 ಇದ್ದದ್ದನ್ನು 400 ಮಾಡುತ್ತಾರೆ. ಅದರಿಂದ ಕಾಳಗ ಕಠಿಣವಾಗುವುದಿಲ್ಲ, ಉದ್ದವಾಗುತ್ತದೆ ಅಷ್ಟೆ. ಐದನೇ ರೌಂಡಿನ (ಎಲ್ಲರಿಗೂ ಒಂದೊಂದು ಸರದಿ ಸಿಗುವ ಸುತ್ತಿನ) ಹೊತ್ತಿಗೆ "ಇನ್ನೂ ಸಾಯ್ಲಿಲ್ಲೇನಪ್ಪ ಇವ?" ಅನ್ನುತ್ತಾ ಒಬ್ಬರು ಮೊಬೈಲ್ ತೆಗೆದಿರುತ್ತಾರೆ. ಒಂಟಿ ಬಾಸ್ ಸೋಲುವುದು ಎಚ್‌ಪಿ ಸಾಲದೆ ಅಲ್ಲ, ಸರದಿ ಸಾಲದೆ. ಐದು ಜನ ಆಟಗಾರರಿಗೆ ಮೂರು ರೌಂಡಿನಲ್ಲಿ ಹದಿನೈದು ಸರದಿ ಸಿಗುತ್ತವೆ, ಅವನಿಗೆ ಮೂರು. ಆ ಮೂರರಲ್ಲಿ ಒಂದನ್ನು ಹೋಲ್ಡ್ ಮಾನ್‌ಸ್ಟರ್ (ಶತ್ರುವನ್ನು ಕದಲದಂತೆ ಕಟ್ಟಿಹಾಕುವ ಸ್ಪೆಲ್, ಅಂದರೆ ಮಂತ್ರ) ನುಂಗಿದರೆ ಉಳಿಯುವುದು ಎರಡೇ. ಅಷ್ಟರಲ್ಲಿ ಅವನೇನು ತಾನೇ ಮಾಡಿಯಾನು?

ಆದ್ದರಿಂದ ಬಾಸ್‌ಗಳನ್ನು ಹೋಲಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇವನು ತನ್ನ ಸರದಿಗಳನ್ನು ಎಲ್ಲಿಂದ ತರುತ್ತಾನೆ? ಒಂಟಿ ರಕ್ಕಸ ನಿಯಮದಿಂದಲೇ ಹೆಚ್ಚುವರಿ ಸರದಿ ಪಡೆಯುತ್ತಾನೆ. ಪಡೆಯೊಡೆಯ ತನ್ನ ಆಳುಗಳಿಂದ ತರುತ್ತಾನೆ. ರೂಪ ಬದಲಿಸುವವ ನಡುವೆ ಆಟವನ್ನೇ ಹೊಸದಾಗಿ ಶುರುಮಾಡುತ್ತಾನೆ. ವರ ಪಡೆದವ ಆಟಗಾರರ ಸರದಿಗಳನ್ನೇ ಬೇರೆ ಕೆಲಸಕ್ಕೆ ಹಚ್ಚುತ್ತಾನೆ.

ಇಲ್ಲಿನ ಲೆಕ್ಕಗಳೆಲ್ಲ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ನಿಯಮದವು. 2024ರ ಪರಿಷ್ಕರಣೆ ಬೇರೆಯಾಗುವುದನ್ನು ಕೆಲವು ಕಡೆ ಹೇಳಿದ್ದೇವೆ. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್ ಆಡುವವರಿಗೆ ಕೊನೆಯ ಹತ್ತಿರ ಒಂದು ಭಾಗವಿದೆ. ಮಾದರಿಗೆ ಇಟ್ಟುಕೊಂಡಿರುವುದು ಹತ್ತನೇ ಲೆವೆಲ್ಲಿನ ಐವರನ್ನು: ಫೈಟರ್ (ಯೋಧ), ಪ್ಯಾಲಡಿನ್ (ದೈವಬಲದ ಯೋಧ), ರೋಗ್ (ಹೊಂಚು ಹಾಕಿ ಹೊಡೆಯುವವ), ವಿಝಾರ್ಡ್ (ಮಂತ್ರವಾದಿ), ಕ್ಲೆರಿಕ್ (ಗಾಯ ಮಾಯಿಸುವ ಪೂಜಾರಿ).

ಮೊದಲು ನಿಮ್ಮ ಮೇಜಿನ ಲೆಕ್ಕ

ಎಸಿ (ಏಟು ತಾಗಲು ದಾಳಿಯ ದಾಳ ಮುಟ್ಟಬೇಕಾದ ಅಂಕಿ) 18 ಇರುವ ಶತ್ರುವಿನ ಮೇಲೆ ಈ ಐವರು ಏನು ಮಾಡಬಲ್ಲರು ಅಂತ ನೋಡಿ. ಫೈಟರ್‌ಗೆ ದಾಳಿಯಲ್ಲಿ ಇಪ್ಪತ್ತು ಮುಖದ ದಾಳದ ಮೇಲೆ +9 ಇದ್ದರೆ ನೂರಕ್ಕೆ ಅರವತ್ತು ಏಟು ತಾಗುತ್ತವೆ. ದೊಡ್ಡ ಕತ್ತಿಯ ಎರಡು ಏಟಿಗೆ ಸರಾಸರಿ ಡ್ಯಾಮೇಜ್ (ಶತ್ರುವಿನ ಎಚ್‌ಪಿಯಿಂದ ಕಳೆಯುವುದು) 14, ಇನ್ನೊಮ್ಮೆ ದಾಳಿ ಮಾಡಲು ಬಿಡುವ ಆ್ಯಕ್ಷನ್ ಸರ್ಜ್ ಬಳಸಿದ ರೌಂಡಿನಲ್ಲಿ 29. ರೋಗ್‌ನ ಸ್ನೀಕ್ ಅಟ್ಯಾಕ್ (ಹೊಂಚಿನ ಏಟು) 5ಡಿ6, ಅಂದರೆ ಆರು ಮುಖದ ಐದು ದಾಳ, ಸೇರಿಸಿದರೆ 16. ಪ್ಯಾಲಡಿನ್ ಮೂರನೇ ಹಂತದ ಸ್ಲಾಟನ್ನು (ದಿನಕ್ಕೆ ಇಷ್ಟೇ ಅಂತಿರುವ ಮಂತ್ರಶಕ್ತಿಯ ಪಾಲು) ಸ್ಮೈಟಿಗೆ (ಏಟಿಗೆ ಸೇರುವ ದೈವಬಲ) ಸುರಿದರೆ ಎರಡು ಏಟಿಗೆ 35ರ ಹತ್ತಿರ. ವಿಝಾರ್ಡ್‌ನ ಫೈರ್‌ಬಾಲ್ ಪೂರ್ತಿ ತಾಗಿದರೆ ಸರಾಸರಿ 28, ಸೇವ್ (ತಪ್ಪಿಸಿಕೊಳ್ಳಲು ಎಸೆಯುವ ದಾಳ) ಆದವರನ್ನೂ ಲೆಕ್ಕ ಹಿಡಿದರೆ 20. ಕ್ಲೆರಿಕ್‌ನಿಂದ ಒಂದು 15. ಒಟ್ಟು ಮೊದಲ ರೌಂಡಿಗೆ 115, ಎರಡನೆಯದಕ್ಕೆ 95, ಸ್ಲಾಟು ಖಾಲಿಯಾಗುತ್ತಾ ಬಂದ ಮೇಲೆ ರೌಂಡಿಗೆ 65.

ಇದು ಕಾಗದದ ಮೇಲಿನ ಲೆಕ್ಕ. ಮೇಜಿನ ಮೇಲೆ ನಾಲ್ಕರಲ್ಲಿ ಒಂದು ಸರದಿ ಎದ್ದು ನಿಲ್ಲುವುದಕ್ಕೋ, ಬಿದ್ದವನನ್ನು ಎತ್ತುವುದಕ್ಕೋ, ಬಾಸ್ ಇರುವಲ್ಲಿಗೆ ಓಡುವುದಕ್ಕೋ ಹೋಗುತ್ತದೆ. ಕಾಗದದ ಮೊತ್ತದ ಮುಕ್ಕಾಲು ಪಾಲು ಹಿಡಿಯಿರಿ. ನಾಲ್ಕು ರೌಂಡಿಗೆ 115, 95, 65, 65 ಸೇರಿ 340; ಮುಕ್ಕಾಲು ಅಂದರೆ 255. ಬಾಸ್‌ಗೆ ಬೇಕಾದ ಎಚ್‌ಪಿ 260ರಿಂದ 280, ಅದಕ್ಕಿಂತ ಹೆಚ್ಚಲ್ಲ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಹಿಂದಿನ ಮೂರು ದೊಡ್ಡ ಕಾಳಗಗಳಲ್ಲಿ ನಿಮ್ಮವರು ರೌಂಡಿಗೆ ಎಷ್ಟು ಡ್ಯಾಮೇಜ್ ಕೊಟ್ಟರು ಅಂತ ಗುಟ್ಟಾಗಿ ಬರೆದಿಟ್ಟುಕೊಳ್ಳುವುದು. ಒಂದೊಂದು ಮೇಜಿನ ಕೈ ಒಂದೊಂದು ಥರ. ನಾಲ್ಕು ಜನ ಹುಷಾರು ಆಟಗಾರರು ಏಳು ಜನ ಹರಟೆಮಲ್ಲರಿಗಿಂತ ಬೇಗ ಬಾಸ್‌ನನ್ನು ಮುಗಿಸುತ್ತಾರೆ.

ಈಗ ಆ ಕಡೆಯ ತಕ್ಕಡಿ. ಕಾನ್‌ಸ್ಟಿಟ್ಯೂಷನ್ (ಮೈಕಟ್ಟು) +2 ಇರುವ ಫೈಟರ್‌ಗೆ ಹತ್ತನೇ ಲೆವೆಲ್ಲಿನಲ್ಲಿ 84 ಎಚ್‌ಪಿ, ವಿಝಾರ್ಡ್‌ಗೆ 62. ಐವರದ್ದು ಸೇರಿ ಸುಮಾರು 350. ಶತ್ರುಪಕ್ಷ ಪೂರ್ತಿ ಸೇರಿ, ತಪ್ಪಿದ ಏಟು ಕಳೆದು, ರೌಂಡಿಗೆ ಈ ಮೊತ್ತದ ಶೇ 15ರಿಂದ 20ರಷ್ಟು, ಅಂದರೆ 52ರಿಂದ 70 ಡ್ಯಾಮೇಜ್ ಕೊಡುವಂತಿರಬೇಕು. ಅದಕ್ಕಿಂತ ಕಮ್ಮಿಯಾದರೆ ಕ್ಲೆರಿಕ್‌ಗೆ ಕೆಲಸವಿಲ್ಲ. ಜಾಸ್ತಿಯಾದರೆ ಮೂರನೇ ರೌಂಡಿಗೆ ಇಬ್ಬರು ಮಲಗಿರುತ್ತಾರೆ, ಆಮೇಲೆ ಪಾರ್ಟಿಯ (ಆಟಗಾರರ ತಂಡದ) ಡ್ಯಾಮೇಜ್ ಕುಸಿಯುತ್ತದೆ, ಕುಸಿದಷ್ಟೂ ಬಾಸ್ ಹೆಚ್ಚು ಹೊತ್ತು ಬದುಕುತ್ತಾನೆ. ಎಲ್ಲರೂ ಸಾಯುವ ಕಾಳಗಗಳು ಹೆಚ್ಚಿನ ಪಾಲು ಆಗುವುದು ಹೀಗೇ. ಇನ್ನೊಂದು ಕಟ್ಟುಪಾಡು: ಬಾಸ್‌ನ ಒಂದೇ ಹೊಡೆತದ ಸರಾಸರಿ, ಪಾರ್ಟಿಯಲ್ಲಿ ಅತಿ ಕಮ್ಮಿ ಎಚ್‌ಪಿ ಇರುವವರ ಪೂರ್ತಿ ಎಚ್‌ಪಿಯನ್ನು ದಾಟಬಾರದು.

ನಿಯಮಪುಸ್ತಕದ ಎಕ್ಸ್‌ಪಿ (ಶತ್ರುವಿನ ಬಲಕ್ಕೆ ತಕ್ಕ ಅಂಕ) ಲೆಕ್ಕ ಇಲ್ಲಿ ಕೈಕೊಡುವುದು ಹೇಗೆ ಅಂತ ಒಂದೇ ಜಾತಿಯ ಎರಡು ಡ್ರ್ಯಾಗನ್‌ಗಳಲ್ಲಿ ನೋಡಬಹುದು. ಯಂಗ್ ರೆಡ್ ಡ್ರ್ಯಾಗನ್: ಸಿಆರ್ (ಶತ್ರುವಿನ ಕಷ್ಟದ ಮಟ್ಟ) 10, ಎಸಿ 18, ಎಚ್‌ಪಿ 178, 5,900 ಎಕ್ಸ್‌ಪಿ. ನಮ್ಮ ಐವರಿಗೆ ಮೀಡಿಯಂ (ನಡು ಮಟ್ಟದ ಕಾಳಗ) ಅನ್ನಿಸಿಕೊಳ್ಳಲು ಬೇಕಾದ್ದು 6,000. ಅಂದರೆ ಅದು ಮೀಡಿಯಮ್ಮಿಗೂ ಚೂರು ಕಮ್ಮಿ, ಎರಡು ರೌಂಡಿನಲ್ಲಿ ಮುಗಿಯುತ್ತದೆ. ಅಡಲ್ಟ್ ರೆಡ್ ಡ್ರ್ಯಾಗನ್: ಸಿಆರ್ 17, ಎಸಿ 19, ಎಚ್‌ಪಿ 256, 18,000 ಎಕ್ಸ್‌ಪಿ. ಡೆಡ್ಲಿ (ಪ್ರಾಣಾಪಾಯದ) ಗೆರೆ 14,000 ಇರುವುದರಿಂದ ಅದನ್ನು ದಾಟಿದ್ದರೂ ತೀರಾ ಆಕಾಶಕ್ಕೇನೂ ಹೋಗಿಲ್ಲ ಅನ್ನಿಸುತ್ತದೆ. ಆದರೆ ಅದರ ಬೆಂಕಿಯುಸಿರು 18ಡಿ6, ಸರಾಸರಿ 63, ಡಿಸಿ (ಸೇವ್ ಮುಟ್ಟಬೇಕಾದ ಅಂಕಿ) 21. ಡೆಕ್ಸ್‌ಟೆರಿಟಿ (ಚುರುಕು) +2 ಇರುವ ವಿಝಾರ್ಡ್ ಪಾರಾಗಬೇಕಾದರೆ ದಾಳ 19 ಅಥವಾ 20 ಬೀಳಬೇಕು. 62 ಎಚ್‌ಪಿಯವರಿಗೆ 63ರ ಉಸಿರು. ಪುಸ್ತಕ ಒಂದನ್ನು ಸಲೀಸು, ಇನ್ನೊಂದನ್ನು ಅಪಾಯ ಅನ್ನುತ್ತದೆಯೇ ಹೊರತು, ಒಂದು ಸಪ್ಪೆ, ಇನ್ನೊಂದು ಮೊದಲ ಉಸಿರಿಗೇ ನಾಲ್ವರನ್ನು ಮಲಗಿಸಬಹುದು ಅಂತ ಹೇಳುವುದಿಲ್ಲ.

ಒಂಟಿ ರಕ್ಕಸ

ಕೊನೆಯ ಬಾಸ್ ಅಂದಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಇವನೇ, ಸರಿಮಾಡುವುದು ಅತಿ ಕಷ್ಟವಾದವನೂ ಇವನೇ. ಚಿತ್ರದುರ್ಗದ ಬೆಟ್ಟದ ಹಿಡಿಂಬನನ್ನೇ ತೆಗೆದುಕೊಳ್ಳಿ. ಅವನ ಎದುರು ನಿಂತದ್ದು ಭೀಮ ಒಬ್ಬನೇ, ಇಬ್ಬರಿಗೂ ಸರದಿ ಸಮಸಮ. ನಿಮ್ಮ ಮೇಜಿನ ಮೇಲೆ ಐದು ಜನ ಭೀಮಂದಿರು.

ಐದನೇ ಆವೃತ್ತಿ ಇದಕ್ಕೆ ಕೊಟ್ಟ ಮದ್ದು ಲೆಜೆಂಡರಿ ಆ್ಯಕ್ಷನ್: ಬೇರೆಯವರ ಸರದಿ ಮುಗಿದ ಕೂಡಲೇ ಬಾಸ್ ಒಂದು ಸಣ್ಣ ಕೆಲಸ ಮಾಡಬಹುದು, ಸುತ್ತಿಗೆ ಮೂರು. ತನ್ನದೊಂದು ಸೇರಿ ನಾಲ್ಕು ಸರದಿ. ಅವನ ಬಿಡಾರದಲ್ಲೇ ಕಾಳಗವಾದರೆ ಇನಿಶಿಯೇಟಿವ್ (ಸರದಿಯ ಕ್ರಮ) 20ಕ್ಕೆ ಒಂದು ಲೇರ್ ಆ್ಯಕ್ಷನ್, ಅಲ್ಲಿಗೆ ಐದು. ಐವರಿಗೆ ಐದು, ಸಮ ಆಯಿತು. ಹೊಸ ಪರಿಷ್ಕರಣೆಯಲ್ಲಿ ಡ್ರ್ಯಾಗನ್‌ಗಳಿಗೆ ಲೇರ್ ಆ್ಯಕ್ಷನ್ ತೆಗೆದು, ಬಿಡಾರದಲ್ಲಿದ್ದಾಗ ಲೆಜೆಂಡರಿ ಆ್ಯಕ್ಷನ್ನನ್ನೇ ಮೂರರಿಂದ ನಾಲ್ಕಕ್ಕೆ ಏರಿಸಿದ್ದಾರೆ, ಮೊತ್ತ ಅದೇ. ಈ ಮೂರು ಅನ್ನುವ ಅಂಕಿ ನಾಲ್ಕೈದು ಜನರ ಮೇಜಿಗೆ ಸರಿ. ಮೂವರೇ ಆಡುತ್ತಿದ್ದರೆ ಎರಡಕ್ಕೆ ಇಳಿಸಿ. ಆರೇಳು ಜನರಿದ್ದರೆ ನಾಲ್ಕು ಮಾಡಿ, ಅಥವಾ ಒಂಟಿ ಬಾಸ್ ಯೋಚನೆಯನ್ನೇ ಬಿಡಿ.

ಮೂರು ಆ್ಯಕ್ಷನ್ನನ್ನೂ ಹೊಡೆತಕ್ಕೇ ಮೀಸಲಿಟ್ಟರೆ ಬಾಸ್ ನಿಂತಲ್ಲೇ ನಿಂತು ಕೊಚ್ಚುವ ಯಂತ್ರವಾಗುತ್ತಾನೆ. ಬದಲಿಗೆ ಈ ಮೂರರಲ್ಲಿ ಆರಿಸಿಕೊಳ್ಳಲಿ. ಒಂದು ಜಾಗ ಬದಲಿಸಲು (ದೂರ ಸರಿಯುವವರಿಗೆ ಬೀಳುವ ಆಪರ್ಚುನಿಟಿ ಅಟ್ಯಾಕ್ ಇಲ್ಲದೆ), ಒಂದು ಸಾದಾ ಏಟು, ಎರಡು ಪಾಲು ತಿನ್ನುವ ಒಂದು ದೊಡ್ಡ ಕೆಲಸ: ಸುತ್ತಲಿನವರನ್ನು ಕೆಡವುವುದೋ, ಹತ್ತು ಅಡಿ ದೂಡುವುದೋ. ಎಷ್ಟು ಉಳಿದಿವೆ ಅಂತ ಮರೆಯದಿರಲು ಮೂರು ಹುಣಸೆ ಬೀಜ ಮುಂದಿಟ್ಟುಕೊಳ್ಳಿ. ಬಳಸಿದಾಗ ಮಗುಚಿ, ಬಾಸ್‌ನ ಸರದಿ ಶುರುವಾದಾಗ ಮತ್ತೆ ಎತ್ತಿ. ಎಲ್ಲರಿಗೂ ಕಾಣುವ ಹಾಗಿಡುವುದೇ ಒಳ್ಳೆಯದು, ಆಟಗಾರರೂ ಅದನ್ನು ನೋಡಿ ಹೂಡುತ್ತಾರೆ.

ಮೇಲಿನ ಎರಡು ಡ್ರ್ಯಾಗನ್‌ಗಳ ನಡುವೆ ಬೇಕಾದ್ದನ್ನು ಹೀಗೆ ಕಟ್ಟಬಹುದು. ಯಂಗ್ ರೆಡ್‌ನ ಎಸಿ 18 ಹಾಗೇ ಇರಲಿ. ಉಸಿರು 16ಡಿ6, ಡಿಸಿ 17 ಹಾಗೇ ಇರಲಿ. ಸರಾಸರಿ 56, ವಿಝಾರ್ಡ್ ಕಷ್ಟಪಟ್ಟು ನಿಲ್ಲುತ್ತಾನೆ. ಎಚ್‌ಪಿ 280ಕ್ಕೆ ಏರಿಸಿ. 15 ಡ್ಯಾಮೇಜಿನ ಬಾಲದ ಏಟು ಸೇರಿದ ಮೂರು ಲೆಜೆಂಡರಿ ಆ್ಯಕ್ಷನ್ ಕೊಡಿ. ಅದರ ಕಚ್ಚು ಮತ್ತು ಎರಡು ಪಂಜಾ ಎಲ್ಲ ತಾಗಿದರೆ 46, ತಪ್ಪುವುದನ್ನು ಕಳೆದರೆ 28. ಬಾಲದ ಮೂರೂ ಏಟು ಹಾಕಿದರೆ ಇನ್ನೊಂದು 27. ಒಟ್ಟು 55, ನಮ್ಮ 52–70ರ ಗೆರೆಯೊಳಗೇ ಬಂತು.

ಲೆಜೆಂಡರಿ ರೆಸಿಸ್ಟೆನ್ಸ್ ಬೇರೆ ಗೋಳು. ಸೇವ್ ತಪ್ಪಿದರೂ "ಇಲ್ಲ, ಪಾಸ್ ಆದೆ" ಅನ್ನುವ ಹಕ್ಕು, ದಿನಕ್ಕೆ ಮೂರು. ಇದಿಲ್ಲದಿದ್ದರೆ ಒಂದೇ ಹೋಲ್ಡ್ ಮಾನ್‌ಸ್ಟರ್‌ಗೆ ಬಾಸ್ ಕಲ್ಲಾಗಿ, ಹತ್ತಿರ ನಿಂತು ತಾಗಿಸಿದ ಏಟೆಲ್ಲ ಕ್ರಿಟಿಕಲ್ (ದುಪ್ಪಟ್ಟು ದಾಳದ ಏಟು) ಆಗಿ, ಕ್ಯಾಂಪೇನಿನ ಕೊನೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇದ್ದರೆ ವಿಝಾರ್ಡ್ ಆಡುವವರು ಮೂರು ಸರದಿ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಪಾರ್ಟಿಯಲ್ಲಿ ಅಂಥ ಸ್ಪೆಲ್ ಹಾಕುವವರು ಒಬ್ಬರೇ ಇದ್ದರೆ ಮೂರು ರೆಸಿಸ್ಟೆನ್ಸ್ ಅನ್ಯಾಯ, ಎರಡು ಸಾಕು. ಜೊತೆಗೆ ಪ್ರತಿಸಲ ಬಳಸಿದಾಗ ಬಾಸ್ ಏನಾದರೂ ಕಳೆದುಕೊಳ್ಳಲಿ: ಮೈಯ ಚಿಪ್ಪು ಬಿರಿದು ಎಸಿ ಒಂದು ಇಳಿಯಲಿ, ಅಥವಾ 15 ಎಚ್‌ಪಿ ಹೋಗಲಿ. ಆಗ ಸ್ಪೆಲ್ ದಂಡವಾಗಲಿಲ್ಲ, ಬಾಸ್ ಕಲ್ಲೂ ಆಗಲಿಲ್ಲ.

ಪಡೆಯೊಡೆಯ

ಮೊದಲ ಸಲ ಕ್ಯಾಂಪೇನು ಮುಗಿಸುತ್ತಿರುವ ಡಿಎಂಗೆ ನಮ್ಮ ಆಯ್ಕೆ ಇದು. ತಪ್ಪಿದರೂ ನಡುವೆಯೇ ತಿದ್ದಬಹುದು ಅನ್ನುವುದೊಂದೇ ಕಾರಣ ಸಾಕು: ಹೆಚ್ಚಾದರೆ ಎರಡನೇ ತಂಡ ಬರುವುದೇ ಇಲ್ಲ, ಕಮ್ಮಿಯಾದರೆ ಬೇಗ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ವ್ಯಾಂಪೈರ್ ಒಬ್ಬ (ಸಿಆರ್ 13, 10,000 ಎಕ್ಸ್‌ಪಿ), ಜೊತೆಗೆ ಮೂರು ವ್ಯಾಂಪೈರ್ ಸ್ಪಾನ್ (ಅವನ ಕೈಯಾಳುಗಳು, ತಲಾ 1,800). ಒಟ್ಟು 15,400. 2024ರ ಲೆಕ್ಕದಲ್ಲಿ ಹತ್ತನೇ ಲೆವೆಲ್ಲಿನ ಐವರಿಗೆ ಹೈ (ಅತಿ ಕಷ್ಟದ) ಗೆರೆ 15,500, ಹೇಳಿಮಾಡಿಸಿದ ಹಾಗೆ ಕೂರುತ್ತದೆ. 2014ರ ಲೆಕ್ಕದಲ್ಲಿ ನಾಲ್ಕು ಶತ್ರುಗಳಿದ್ದರೆ ಎರಡರಿಂದ ಗುಣಿಸಬೇಕು, 30,800 ಆಗಿ ಡೆಡ್ಲಿಯ ದುಪ್ಪಟ್ಟಾಗುತ್ತದೆ. ಇಂಥ ಪಡೆಗೆ ನಾವು ನಂಬುವುದು ಹೊಸ ಲೆಕ್ಕವನ್ನು. 2014ರ ನಿಯಮಗಳಲ್ಲಿ ವ್ಯಾಂಪೈರ್‌ಗೆ 144 ಎಚ್‌ಪಿ, ಸ್ಪಾನ್‌ಗೆ ತಲಾ 82. ಒಟ್ಟು 390 ಆದರೂ ಕಾಳಗ ಎಳೆಯುವುದಿಲ್ಲ, ಏಕೆಂದರೆ ಪ್ರತಿ 82ಕ್ಕೆ ಒಬ್ಬ ಬೀಳುತ್ತಾನೆ, ಬಿದ್ದಾಗಲೆಲ್ಲ ಮೇಜಿನಲ್ಲಿ ಒಂದು ಉಸಿರು. ವ್ಯಾಂಪೈರ್‌ಗೆ ಸರದಿಗೆ 20 ಎಚ್‌ಪಿ ಮರಳಿ ಬರುವ ಗುಣವಿದೆ, ಆದರೆ ರೇಡಿಯಂಟ್ (ದೈವೀ ಬೆಳಕಿನ) ಡ್ಯಾಮೇಜ್ ತಾಗಿದರೆ ಮುಂದಿನ ಸರದಿಗೆ ಅದು ಕೆಲಸ ಮಾಡುವುದಿಲ್ಲ. ಪ್ಯಾಲಡಿನ್ ಇರುವ ಮೇಜಿನಲ್ಲಿ ಆ 20ನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಣ್ಣ ಆಳುಗಳು ಬೇಕಿದ್ದರೆ ನಾಲ್ಕನೇ ಆವೃತ್ತಿಯ ಮಿನಿಯನ್ ಉಪಾಯ ಇವತ್ತಿಗೂ ಚೆನ್ನ: ಒಂದೇ ಎಚ್‌ಪಿ, ನಿಗದಿತ ಡ್ಯಾಮೇಜ್ (ಹತ್ತನೇ ಲೆವೆಲ್ಲಿಗೆ 6 ಸಾಕು), ಸೇವ್ ಪಾಸಾದರೆ ಏನೂ ಆಗದು. ಎಂಟು ಜನರನ್ನು ಒಟ್ಟಿಗೇ ಇಳಿಸಿದರೆ ಒಂದು ಫೈರ್‌ಬಾಲಿಗೆ ಎಲ್ಲರೂ ಬೂದಿ. ಅದೇನೂ ನಷ್ಟವಲ್ಲ, ವಿಝಾರ್ಡ್‌ನ ಒಂದು ಸರದಿ, ಒಂದು ಮೂರನೇ ಸ್ಲಾಟು ಬಾಸ್ ಮೇಲೆ ಬೀಳದೆ ಹೋಯಿತು. ಆದರೂ ಮೊದಲ ರೌಂಡಿಗೆ ನಾಲ್ಕು, ಮೂರನೆಯದಕ್ಕೆ ನಾಲ್ಕು ಇಳಿಸುವುದು ಮೇಲು. ನಾಲ್ವರಿಗೂ ಸೇರಿ ಒಂದೇ ಇನಿಶಿಯೇಟಿವ್, ದಾಳಗಳನ್ನೆಲ್ಲ ಒಟ್ಟಿಗೆ ಎಸೆಯಿರಿ. ಎಂಟು ಆಳಿಗೆ ಎಂಟು ಸಲ ದಾಳ ಹಾಕುತ್ತಾ ಕೂತರೆ ಮಂಡಕ್ಕಿ ಮೆತ್ತಗಾಗುತ್ತದೆ.

ರಕ್ತಬೀಜನ ಥರದ ಬಾಸ್, ಅಂದರೆ ಗಾಯವಾದಾಗಲೆಲ್ಲ ಹೊಸ ಅಸುರ ಹುಟ್ಟುವವನು, ಓದೋಕೆ ಸೊಗಸು, ಆಡಿಸೋಕೆ ಗಂಡಾಂತರ. ಪ್ರತಿ ಏಟಿಗೂ ಒಂದು ಅಂತಿಟ್ಟರೆ ಐವರು ರೌಂಡಿಗೆ ಆರೇಳು ಏಟು ತಾಗಿಸುತ್ತಾರೆ, ಎರಡು ರೌಂಡಿಗೆ ಹನ್ನೆರಡು ಅಸುರರು, ಆಮೇಲೆ ಆಟಗಾರರು ಹೊಡೆಯುವುದನ್ನೇ ನಿಲ್ಲಿಸುತ್ತಾರೆ. ಮೂರು ಕಡಿವಾಣ ಹಾಕಿ. ಒಂದೇ ಏಟಿಗೆ 25 ಅಥವಾ ಹೆಚ್ಚು ಡ್ಯಾಮೇಜ್ ಆದಾಗ ಮಾತ್ರ ಹುಟ್ಟಲಿ. ಏಕಕಾಲಕ್ಕೆ ನಾಲ್ಕಕ್ಕಿಂತ ಹೆಚ್ಚಿರಬಾರದು. ಬೆಂಕಿ ಅಥವಾ ರೇಡಿಯಂಟ್ ಡ್ಯಾಮೇಜಿಗೆ ರಕ್ತ ನೆಲಕ್ಕೆ ಬೀಳುವುದೇ ಇಲ್ಲ. ಕಾಳಿ ನಾಲಗೆ ಚಾಚಿದ ಕತೆ ಗೊತ್ತಿರುವವರು ಯಾರಾದರೂ "ನಾನು ಕಂಬಳಿ ಹಾಸಿ ರಕ್ತ ಹಿಡೀತೀನಿ" ಅಂದರೆ ಒಂದು ಆ್ಯಕ್ಷನ್‌ಗೆ ಅದನ್ನೂ ಒಪ್ಪಿಕೊಳ್ಳಿ.

ರೂಪ ಬದಲಿಸುವವ

ಮಹಿಷಾಸುರನ ಪದ್ಧತಿ: ಮೊದಲು ಕೋಣ, ಆಮೇಲೆ ಕತ್ತಿ ಹಿಡಿದ ದೈತ್ಯ. ಕತೆಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಒಂಟಿ ಬಾಸ್‌ನ ಅರ್ಧ ಸಮಸ್ಯೆಯನ್ನೂ ಇದು ಕಳೆಯುತ್ತದೆ. ಮೊದಲ ರೂಪಕ್ಕೆ ಹಾಕಿದ ಹೋಲ್ಡು, ಸ್ಟನ್ನು (ಸರದಿ ಕಸಿಯುವ ಮಂಕು) ಎಲ್ಲ ರೂಪದ ಜೊತೆಗೇ ಕಳಚಿಹೋಗುತ್ತವೆ.

ಎಚ್‌ಪಿಯನ್ನು ಅರ್ಧರ್ಧ ಹಂಚಬೇಡಿ. ಮೊದಲ ರೂಪಕ್ಕೆ 60 ಪಾಲು, ಎರಡನೆಯದಕ್ಕೆ 40. ಎರಡನೆಯದರ ಹೊತ್ತಿಗೆ ಸ್ಲಾಟುಗಳು ಮುಗಿದು ಪಾರ್ಟಿಯ ಡ್ಯಾಮೇಜ್ ರೌಂಡಿಗೆ 65ಕ್ಕೆ ಇಳಿದಿರುತ್ತದೆ, ಸಮ ಪಾಲು ಇಟ್ಟರೆ ಹಿಂಭಾಗ ಎಳೆಯುತ್ತದೆ. ಒಟ್ಟು 280 ಅಂದರೆ ಕೋಣಕ್ಕೆ 170, ದೈತ್ಯನಿಗೆ 110. ಎರಡನೇ ರೂಪದ ಹೊಡೆತ ಮೂರನೇ ಒಂದು ಪಾಲು ಜಾಸ್ತಿ, ಎಸಿ ಎರಡು ಕಮ್ಮಿ ಇರಲಿ. ಬೇಗ ಸಾಯುತ್ತಾನೆ, ಸಾಯುವ ಮುಂಚೆ ಹೆದರಿಸುತ್ತಾನೆ.

ರೂಪ ಬದಲಾಗುವ ಗಳಿಗೆಯಲ್ಲೇ ಹೆಚ್ಚಿನ ಜಗಳ. ಪ್ಯಾಲಡಿನ್ ಎರಡು ಸ್ಲಾಟು ಸುರಿದು 60 ಡ್ಯಾಮೇಜ್ ಕೊಟ್ಟರು, ಕೋಣಕ್ಕೆ ಉಳಿದಿದ್ದದ್ದು 10 ಅಂದುಕೊಳ್ಳಿ. ಮಿಕ್ಕ 50 ಎಲ್ಲಿ ಹೋಯಿತು? ದೈತ್ಯನ 110ರಿಂದ ಕಳೆಯಿರಿ. ಅದನ್ನು ನುಂಗಿಹಾಕಿದರೆ ಮುಂದಿನ ಒಂದು ತಿಂಗಳು ಆ ಮಾತೇ. ಬದಲಾವಣೆ ಏಟಿನ ನಡುವೆ ಆಗದೆ ಹೊಡೆದವರ ಸರದಿ ಮುಗಿದ ಮೇಲೆ ಆಗಲಿ, ಬಾಸ್‌ಗೆ ಕೂಡಲೇ ಒಂದು ನಡಿಗೆ, ಒಂದು ಏಟು ಸಿಗಲಿ. ಬಾಸ್‌ನ ಮೈಮೇಲಿನ ಸ್ಪೆಲ್ ಕಳಚುತ್ತವೆ ಸರಿ, ನೆಲದ ಮೇಲಿನ ವಾಲ್ ಆಫ್ ಫೈರ್‌ಗೆ ಮಾತ್ರ ಕೈ ಹಚ್ಚಬೇಡಿ.

ದೊಡ್ಡ ತಪ್ಪು ಅಂದರೆ ಮುನ್ಸೂಚನೆ ಕೊಡದಿರುವುದು. ಕೋಣ ಬಿದ್ದರೆ ಆಟ ಮುಗಿಯಿತು ಅಂತ ಎಲ್ಲರೂ ಕಡೆಯ ಸ್ಲಾಟಿನ ತನಕ ಖರ್ಚುಮಾಡಿರುತ್ತಾರೆ. ಆಮೇಲೆ ಎದ್ದ ದೈತ್ಯ ಅಚ್ಚರಿಯಲ್ಲ, ಮೋಸ. ಎರಡು ಸೆಷನ್ ಮುಂಚೆ ದೇವಸ್ಥಾನದ ಕಂಬದಲ್ಲಿ ಕೋಣದ ಕತ್ತಿನಿಂದ ಮನುಷ್ಯ ಹೊರಬರುವ ಕೆತ್ತನೆ ತೋರಿಸಿಬಿಡಿ. ಎರಡು ರೂಪ ಸಾಕು. ಮೂರನೆಯದು ಕಾಗದದ ಮೇಲೆ ಮಾತ್ರ ಚೆನ್ನಾಗಿ ಕಾಣುತ್ತದೆ.

ವರ ಪಡೆದವ

ಹಿರಣ್ಯಕಶಿಪುವಿನ ವರ ನಮ್ಮೂರ ಮಕ್ಕಳಿಗೆ ಬಾಯಿಪಾಠ: ಒಳಗಲ್ಲ ಹೊರಗಲ್ಲ, ಹಗಲಲ್ಲ ಇರುಳಲ್ಲ, ನೆಲದಲ್ಲಲ್ಲ ಆಕಾಶದಲ್ಲಲ್ಲ. ಇಂಥ ಬಾಸ್‌ನಲ್ಲಿ ಸರದಿಯ ಸಮಸ್ಯೆ ತಾನಾಗಿ ಕರಗುತ್ತದೆ. ಆಟಗಾರರ ಅರ್ಧ ಸರದಿ ಹೊಡೆಯುವುದಕ್ಕಲ್ಲ, ಬಾಸ್‌ನನ್ನು ಹೊಸ್ತಿಲಿಗೆ ಎಳೆತರುವುದಕ್ಕೆ ಹೋಗುತ್ತದೆ. ಜಾಣ, ಮಾತುಗಾರ ಆಟಗಾರರಿರುವ ಮೇಜಿಗೆ ಇದು ಹಬ್ಬ. ದಾಳ ಎಸೆದು ತಲೆ ಉರುಳಿಸಲೆಂದೇ ಬಂದವರಿಗೆ ತಲೆನೋವು.

ವರದಲ್ಲಿ ಎರಡಕ್ಕಿಂತ ಹೆಚ್ಚು ಕರಾರು ಇಡಬೇಡಿ. ಕರಾರಿನ ಹೊರಗೆ ಡ್ಯಾಮೇಜ್ ಸೊನ್ನೆ ಮಾಡಬೇಡಿ, ಅರ್ಧ ಮಾಡಿ. ಸೊನ್ನೆಯಾದರೆ ಫೈಟರ್ ಆಡುವವರು ಇಪ್ಪತ್ತು ನಿಮಿಷ ಕಾದು ಎಸೆದ ದಾಳಕ್ಕೆ ಬೆಲೆಯೇ ಇಲ್ಲ. ಪಾರ್ಟಿ ರೌಂಡಿಗೆ 65 ಕೊಡುತ್ತದೆ ಅಂದರೆ 195 ಎಚ್‌ಪಿಯ ಬಾಸ್ ಎರಡು ರೌಂಡು ಅರ್ಧ ಡ್ಯಾಮೇಜಿನಲ್ಲಿ 65 ಕಳೆದುಕೊಂಡು, ಹೊಸ್ತಿಲಿಗೆ ಬಂದ ಮೇಲೆ ಇನ್ನೆರಡು ರೌಂಡಿನಲ್ಲಿ ಬೀಳುತ್ತಾನೆ. ಹೊಸ್ತಿಲಿಗೆ ಎಳೆದ ಕೂಡಲೇ ಸಾಯುವಂತಿಟ್ಟರೆ ಯಾರೋ ಒಬ್ಬರ ಒಂದೇ ಸ್ಪೆಲ್ಲಿಗೆ ಎಲ್ಲ ಮುಗಿಯುತ್ತದೆ, ಉಳಿದ ನಾಲ್ವರು ಪ್ರೇಕ್ಷಕರು.

ಎಳೆಯುವುದು ಸಾಧ್ಯವೇ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲೇ ಹೆಚ್ಚಿನವರು ಎಡವುವುದು. ಐದನೇ ಆವೃತ್ತಿಯಲ್ಲಿ ತನಗಿಂತ ಒಂದೇ ಅಳತೆ ದೊಡ್ಡವರನ್ನು ಮಾತ್ರ ದೂಡಬಹುದು. ಮನುಷ್ಯ ಮೀಡಿಯಂ, ಹಾಗಾಗಿ ಲಾರ್ಜ್ ಬಾಸ್ ಸರಿ. ಹ್ಯೂಜ್ ಬಾಸ್ ಆದರೆ ಅಲುಗುವುದಿಲ್ಲ. ನಿಮ್ಮ ಪಾರ್ಟಿಯಲ್ಲಿ ದೂಡುವ, ಎಳೆಯುವ ಸ್ಪೆಲ್ ಏನಿವೆ ಅಂತ ಪಟ್ಟಿ ಮಾಡಿ. ಥಂಡರ್‌ವೇವ್ ಹತ್ತು ಅಡಿ ದೂಡುತ್ತದೆ. ಇಂಥವು ಎರಡೂ ಇಲ್ಲದಿದ್ದರೆ ಬಾಸ್‌ನನ್ನು ಕೆಣಕಿ ಕರೆತರುವ ದಾರಿ ಇಡಿ. ವರದ ಸುಳಿವು ಮೂರು ಕಡೆ ಇರಲಿ, ಒಂದು ಕಾಳಗದೊಳಗೇ: ಹೊಸ್ತಿಲ ಹತ್ತಿರ ಬಂದಾಗಲೆಲ್ಲ ಅವನು ಹಿಂದೆ ಸರಿಯುತ್ತಾನೆ. ಎರಡು ರೌಂಡಾದರೂ ಯಾರಿಗೂ ಹೊಳೆಯದಿದ್ದರೆ ಆ ಸರಿಯುವಿಕೆಯನ್ನು ಕೂಗಿ ಹೇಳಿ.

ಜರಾಸಂಧನ ಥರ ಎರಡು ಸೀಳಾಗಿ ಕೂಡಿಕೊಳ್ಳುವವನೂ ಇದೇ ಜಾತಿ. ಎರಡೂ ಸೀಳು ಒಂದೇ ರೌಂಡಿನಲ್ಲಿ ಬೀಳಬೇಕು ಅನ್ನುವುದೊಂದೇ ಕರಾರು. ಇಬ್ಬರು ಬಲವಾಗಿ ಹೊಡೆಯುವವರಿಲ್ಲದ ಪಾರ್ಟಿಗೆ ಬೇಡ.

ಜಾಗ ಅರ್ಧ ಬಾಸ್

ಯಾವ ಬಗೆ ಆರಿಸಿದರೂ ನಕ್ಷೆ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಚಿತ್ರದುರ್ಗದ ಕೋಟೆ ಕಣ್ಣೆದುರೇ ಇರುವಾಗ ಬೇರೆ ನಕ್ಷೆ ಹುಡುಕುವ ಅಗತ್ಯವೂ ಇಲ್ಲ. ಓಬವ್ವನ ಕಿಂಡಿಯ ಪಾಠ ಎಲ್ಲರಿಗೂ ಗೊತ್ತು: ಒಬ್ಬೊಬ್ಬರೇ ನುಸುಳಬೇಕಾದ ಕಡೆ ಒನಕೆ ಹಿಡಿದವಳೊಬ್ಬಳು ದಂಡನ್ನೇ ನಿಲ್ಲಿಸುತ್ತಾಳೆ. ನಿಯಮದಲ್ಲೂ ಹಾಗೇ. ಲಾರ್ಜ್ ಬಾಸ್ ಐದಡಿ ಕಿಂಡಿಗೆ ನುಗ್ಗಿದರೆ ಪ್ರತಿ ಅಡಿಗೆ ಎರಡಡಿ ನಡಿಗೆ ಖರ್ಚು, ಅವನ ದಾಳಿಗೂ ಡೆಕ್ಸ್‌ಟೆರಿಟಿ ಸೇವ್‌ಗೂ ಡಿಸ್‌ಅಡ್ವಾಂಟೇಜ್ (ಎರಡು ದಾಳ ಎಸೆದು ಸಣ್ಣದನ್ನು ಹಿಡಿಯುವುದು), ಅವನ ಮೇಲಿನ ದಾಳಿಗೆಲ್ಲ ಅಡ್ವಾಂಟೇಜ್ (ದೊಡ್ಡದನ್ನು ಹಿಡಿಯುವುದು). ರೋಗ್‌ಗೆ ಪ್ರತಿ ಸರದಿ ಸ್ನೀಕ್ ಅಟ್ಯಾಕ್ ಗ್ಯಾರಂಟಿ. ನಕ್ಷೆಯಲ್ಲಿ ಕಿಂಡಿ ಬಿಡಿಸಿದರೆ ಪಾರ್ಟಿ ಅಲ್ಲೇ ನಿಲ್ಲುತ್ತದೆ, ಬಾಸ್‌ನ ಬಲ ಅರ್ಧಕ್ಕಿಳಿಯುತ್ತದೆ. ಬೇಕಂತಲೇ ಇಟ್ಟಿದ್ದರೆ ಸರಿ. ಚಂದಕ್ಕೆ ಇಟ್ಟಿದ್ದರೆ ಅಳಿಸಿಬಿಡಿ.

ಕೋಟೆ ಬಾಗಿಲುಗಳ ತಿರುವುಮುರುವು ದಾರಿ ಕೋಣ ರೂಪದ ಬಾಸ್‌ಗೆ ಶತ್ರು. ಇಪ್ಪತ್ತಡಿ ನೇರ ಓಡಿ ಗುದ್ದುವವನಿಗೆ ನೇರ ದಾರಿಯೇ ಸಿಗದು. ಬತೇರಿ ಮೇಲೆ ಬಿಲ್ಲುಗಾರ ಮಿನಿಯನ್‌ಗಳನ್ನು ನಿಲ್ಲಿಸಿದರೆ ಗೋಡೆಯ ಮರೆಯಿಂದ ಎಸಿಗೆ +2, ಕಿಂಡಿಯೊಳಗಿಂದ ಹೊಡೆದರೆ +5. ಹಾರುವ ಬಾಸ್ ಇದ್ದರೆ ಕತ್ತಿಯವರಿಗೆ ಹತ್ತಲು ಬತೇರಿ ಬೇಕೇಬೇಕು, ಇಲ್ಲದಿದ್ದರೆ ಫೈಟರ್ ಕೆಳಗೆ ನಿಂತು ಕಲ್ಲು ಹೊಡೆಯುತ್ತಿರುತ್ತಾರೆ.

ಅಳತೆ ಬಗ್ಗೆ ಒಂದು ಮಾತು. ಒಂದಿಂಚಿಗೆ ಐದಡಿ ಲೆಕ್ಕದಲ್ಲಿ 60 ಅಡಿಯ ಬೆಂಕಿಯುಸಿರು ಹನ್ನೆರಡು ಇಂಚು. ಹದಿನೆಂಟು ಇಂಚಿನ ಚಾರ್ಟಿನಲ್ಲಿ ಯಾರೂ ತಪ್ಪಿಸಿಕೊಳ್ಳಲಾರರು. 24ಕ್ಕೆ 36 ಇಂಚು ಇದ್ದರೆ ಚದುರಿ ನಿಲ್ಲಲು ಜಾಗವಿರುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಚೌಕುಳಿ ಹಾಕಿಸಿಕೊಂಡರೆ ವೈಟ್‌ಬೋರ್ಡ್ ಪೆನ್ನಲ್ಲಿ ಬರೆದು ಒರೆಸಬಹುದು. ಮೊದಲು ಮೂಲೆಯಲ್ಲಿ ಒರೆಸಿ ನೋಡಿ, ಕೆಲವು ಫ್ಲೆಕ್ಸಿನ ಮೇಲೆ ಶಾಯಿ ಹಾಗೇ ಕೂತುಬಿಡುತ್ತದೆ.

ಪಾತ್‌ಫೈಂಡರ್ ಎರಡನೇ ಆವೃತ್ತಿಯವರಿಗೆ

ಇಲ್ಲಿ ಲೆಕ್ಕ ನಂಬಬಹುದು. ನಾಲ್ವರ ಪಾರ್ಟಿಗೆ ಸಿವಿಯರ್ (ಕಠಿಣ) ಕಾಳಗ ಅಂದರೆ 120 ಎಕ್ಸ್‌ಪಿ, ಎಕ್ಸ್‌ಟ್ರೀಮ್ (ಅತಿ ಕಠಿಣ) ಅಂದರೆ 160. ಪಾರ್ಟಿಗಿಂತ ಮೂರು ಲೆವೆಲ್ ಮೇಲಿನ ಒಬ್ಬನೇ ಬಾಸ್ 120, ನಾಲ್ಕು ಮೇಲಿನವ 160. ಐದನೆಯ ಆಟಗಾರರಿಗೆ ಸಿವಿಯರ್‌ನಲ್ಲಿ 30, ಎಕ್ಸ್‌ಟ್ರೀಮ್‌ನಲ್ಲಿ 40 ಸೇರಿಸಿ. ಒಂಟಿ ರಕ್ಕಸನಿಗೆ ಇಲ್ಲಿ ಲೆಜೆಂಡರಿ ಆ್ಯಕ್ಷನ್ ಬೇಡ, ಏಕೆಂದರೆ ಗುರಿಗಿಂತ ಹತ್ತು ಹೆಚ್ಚು ಬಂದರೆ ಕ್ರಿಟಿಕಲ್. ಲೆವೆಲ್ ಮೇಲಿದ್ದಷ್ಟೂ ಬಾಸ್‌ನ ಕ್ರಿಟಿಕಲ್ ಹೆಚ್ಚು, ನಿಮ್ಮವರದ್ದು ಕಮ್ಮಿ. ಇನ್‌ಕ್ಯಾಪೆಸಿಟೇಷನ್ (ಶತ್ರುವನ್ನು ಕೈಲಾಗದಂತೆ ಮಾಡುವ) ಗುಣವುಳ್ಳ ಸ್ಪೆಲ್‌ಗಳು ಮೇಲಿನ ಲೆವೆಲ್ಲಿನ ಬಾಸ್ ಮೇಲೆ ತಾವಾಗಿ ಒಂದು ಮೆಟ್ಟಿಲು ಸಡಿಲವಾಗುತ್ತವೆ, ಲೆಜೆಂಡರಿ ರೆಸಿಸ್ಟೆನ್ಸಿನ ಜಗಳವೂ ಇಲ್ಲ.

ತೊಂದರೆ ಬೇರೆ ಕಡೆ ಇದೆ. ನಾಲ್ಕು ಲೆವೆಲ್ ಮೇಲಿನ ಬಾಸ್ ಎದುರು ಆಟಗಾರರ ಏಟು ಸಾಲುಸಾಲಾಗಿ ತಪ್ಪುತ್ತವೆ, ಒಂದು ಗಂಟೆ ಬರೀ "ತಪ್ಪಿತು". ಎರಡು ಲೆವೆಲ್ ಮೇಲಿನ ಬಾಸ್ (80), ಎರಡು ಲೆವೆಲ್ ಕೆಳಗಿನ ಇಬ್ಬರು ಆಳು (ತಲಾ 20) ಸೇರಿಸಿದರೂ ಅದೇ 120. ಆಟ ಹೆಚ್ಚು ಸೊಗಸು.

ಯಾರಿಗೆ ಯಾವುದು

ಮೂವರ ಮೇಜಿಗೆ ರೂಪ ಬದಲಿಸುವವ. ನಾಲ್ಕೈದು ಜನರಿದ್ದು ಡಿಎಂ ಪಳಗಿದವರಾದರೆ ಒಂಟಿ ರಕ್ಕಸ, ಹೊಸಬರಾದರೆ ಪಡೆ. ಆರೇಳು ಜನರಿಗೆ ಪಡೆಯೇ ಸರಿ, ಆದರೆ ಮೂರು ಬಗೆಗಿಂತ ಹೆಚ್ಚು ಶತ್ರು ಬೇಡ. ವರ ಪಡೆದವನನ್ನು ಜನರ ಲೆಕ್ಕದ ಮೇಲಲ್ಲ, ಸ್ವಭಾವದ ಮೇಲೆ ಆರಿಸಿ. ಪಾರ್ಟಿಯಲ್ಲಿ ಬ್ಯಾನಿಶ್‌ಮೆಂಟ್, ಪಾಲಿಮಾರ್ಫ್, ಹೋಲ್ಡ್ ಮಾನ್‌ಸ್ಟರ್ ಥರ ಶತ್ರುವನ್ನು ಒಂದೇ ಸಲಕ್ಕೆ ಆಟದಿಂದ ಹೊರಗಿಡುವ ಸ್ಪೆಲ್ ಹಾಕುವವರು ಇಬ್ಬರು ಮೂವರಿದ್ದರೆ ಒಂಟಿ ರಕ್ಕಸನ ಆಸೆ ಬಿಡಿ. ಬಾಸ್ ಹತ್ತಿರ ಬರುವ ಮುಂಚೆ ಅದೇ ದಿನ ಎರಡು ಕಾಳಗ ನಡೆಸಲು ಸಮಯವಿಲ್ಲವೆಂದರೆ ಎಲ್ಲರೂ ಪೂರ್ತಿ ಸ್ಲಾಟಿನೊಂದಿಗೆ ಬರುತ್ತಾರೆ. ಆಗ ಮುಕ್ಕಾಲು ಪಾಲಿನ ಲೆಕ್ಕ ಬಿಟ್ಟು ಪೂರ್ತಿ 340 ಎಚ್‌ಪಿ ಇಡಿ.

ಬಾಸ್ ಆಟಗಾರರ ಸರದಿ ಕಸಿಯುವ ಸ್ಪೆಲ್ ಬಳಸಬಹುದೇ? ಒಬ್ಬರ ಸರದಿಗೆ ಮೂರು ನಿಮಿಷ, ಡಿಎಂಗೆ ಐದು ಅಂತ ಹಿಡಿದರೆ ಒಂದು ರೌಂಡು ಇಪ್ಪತ್ತು ನಿಮಿಷ. ಮೂರು ರೌಂಡು ಸ್ಟನ್ ಆದವರು ಒಂದು ಗಂಟೆ ಸುಮ್ಮನೆ ಕೂರಬೇಕು. ಒಂದು ರೌಂಡಿಗೆ ಮಿತಿಗೊಳಿಸಿ, ಅಥವಾ ಸ್ಟನ್ ಬದಲು ನಿಧಾನಗೊಳಿಸುವ, ದೂಡುವ, ಕುರುಡಾಗಿಸುವ ಪೆಟ್ಟು ಕೊಡಿ. ಕುರುಡಾದವರೂ ಏನಾದರೊಂದು ಮಾಡುತ್ತಾರೆ.

ಕಾಳಗ ಶುರುವಾದ ಮೇಲೆ ತಿರುಗಿಸಬಹುದಾದ ತಿರುಪುಗಳು ಕೆಲವೇ. ಎರಡನೇ ತಂಡ ಯಾವಾಗ ಬರಬೇಕು, ಬಾಸ್ ಯಾರನ್ನು ಹೊಡೆಯಬೇಕು, ಲೆಜೆಂಡರಿ ಆ್ಯಕ್ಷನ್ನನ್ನು ನಡಿಗೆಗೆ ಬಳಸಬೇಕೋ ಏಟಿಗೋ, ಇವೆಲ್ಲ ನಿಮ್ಮ ಕೈಲಿವೆ. ಬರೆದಿಟ್ಟ ಎಚ್‌ಪಿಯನ್ನು ಮೇಲಕ್ಕೆ ತಿದ್ದಬೇಡಿ. ಯಾರೋ ಒಬ್ಬರು ಡ್ಯಾಮೇಜ್ ಕೂಡಿಸುತ್ತಲೇ ಇರುತ್ತಾರೆ, ಸಿಕ್ಕಿಬೀಳುತ್ತೀರಿ. ಎಳೆಯುವ ಭಯವಿದ್ದರೆ 13ತ್ ಏಜ್ ಆಟದ ಎಸ್ಕಲೇಷನ್ ಡೈ ಎರವಲು ಪಡೆಯಿರಿ. ಎರಡನೇ ರೌಂಡಿಗೆ ಮೇಜಿನ ನಡುವೆ ಒಂದು ಡಿ6 ಇಟ್ಟು 1 ತೋರಿಸಿ, ಪ್ರತಿ ರೌಂಡಿಗೆ ಒಂದು ಏರಿಸಿ, ಆಟಗಾರರ ದಾಳಿಗೆಲ್ಲ ಅಷ್ಟು ಸೇರಲಿ, ಆರಕ್ಕೆ ನಿಲ್ಲಲಿ. ಐದನೇ ರೌಂಡಿಗೆ +4. ತಪ್ಪುವ ಏಟು ಗಣನೀಯವಾಗಿ ಇಳಿಯುತ್ತವೆ.

ಭಾನುವಾರ ನಾಲ್ಕಕ್ಕೆ ಕೂತು, ದುರ್ಗದಿಂದಲೋ ಹರಿಹರದಿಂದಲೋ ಬಂದವರು ಏಳೂವರೆಗೆ ಬಸ್‌ಸ್ಟ್ಯಾಂಡಿನಲ್ಲಿರಬೇಕಾದರೆ ಬಾಸ್ ಐದೂವರೆಯೊಳಗೆ ಮೇಜಿಗೆ ಬರಬೇಕು. ನಾಲ್ಕೈದು ರೌಂಡಿಗೆ ಎಂಬತ್ತರಿಂದ ನೂರು ನಿಮಿಷ. ಏಳಾದರೂ ಬಾಸ್‌ನಲ್ಲಿ ಇನ್ನೂ 30 ಎಚ್‌ಪಿ ಮಿಕ್ಕಿದ್ದರೆ, ಪಾರ್ಟಿ ಗೆಲ್ಲುವುದು ಖಚಿತವಾಗಿದ್ದರೆ, ಮುಂದಿನ ಒಳ್ಳೆಯ ಏಟಿಗೇ ಬೀಳಿಸಿ. ಗೆಲ್ಲುವುದು ಖಚಿತವಿಲ್ಲದಿದ್ದರೆ ನಕ್ಷೆಯ ಫೋಟೊ ತೆಗೆದು, ಯಾರ ಸರದಿ, ಎಷ್ಟು ಎಚ್‌ಪಿ, ಯಾವ ಸ್ಪೆಲ್ ಚಾಲ್ತಿಯಲ್ಲಿದೆ ಅಂತ ಬರೆದುಕೊಂಡು ಮುಂದಿನ ವಾರಕ್ಕೆ ಎಳೆಯಿರಿ.